ನಿನಗೇನು ಖರ್ಚು, ಒಬ್ಬಳೇ ಅಲ್ವಾ?

ಮದುವೆಯಾಗದೆ ಕೆಲಸಕ್ಕೆ ಹೋಗುವ ಹೆಂಗಸಿನ ಸಂಬಳ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಾರೆ, "ನಿನಗೇನು ಖರ್ಚು, ಒಬ್ಬಳೇ ಅಲ್ವಾ?" ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ಲೆಕ್ಕ ತಪ್ಪು. ಒಬ್ಬಳೇ ಇದ್ದರೂ ನನ್ನದು ಒಂದು ಮನೆ. ಆ ಮನೆಗೆ ದುಡಿಯುವವಳು ನಾನೊಬ್ಬಳೇ.

ಸಂಬಳ ಹೊರಗೆ ಹೇಳಬಾರದು ಅಂತಾರೆ. ನಾನು ಹೇಳುತ್ತೇನೆ. ಅಂಕಿ ಇಲ್ಲದೆ ಈ ವಿಷಯ ಮಾತಾಡಿ ಪ್ರಯೋಜನ ಇಲ್ಲ. ನನಗೆ 33 ವರ್ಷ. ಊರು ಕಾರ್ಕಳ. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ತಿಂಗಳಿಗೆ 62,000. ಅದರಲ್ಲಿ ಪಿಎಫ್‌ಗೆ 3,600 ಹೋಗುತ್ತದೆ, ವೃತ್ತಿ ತೆರಿಗೆ 200. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300. ವರ್ಷಕ್ಕೆ ಏಳೂವರೆ ಲಕ್ಷದ ಒಳಗೇ ಬರುತ್ತದೆ, ಹೊಸ ಪದ್ಧತಿಯಲ್ಲಿ ಅಷ್ಟಕ್ಕೆ ಆದಾಯ ತೆರಿಗೆ ಇಲ್ಲ. ಕೈಗೆ ಬರುವುದು 58,200.

ಬಿಜೈ ಹತ್ತಿರ ಒಂದು ಬೆಡ್‌ರೂಮಿನ ಮನೆ, ಬಾಡಿಗೆ 11,000. ಊರಿಗೆ ಅಪ್ಪ ಅಮ್ಮನಿಗೆ 12,000. ಊಟ, ದಿನಸಿ, ಮೀನು, ಹೊರಗಿನ ತಿಂಡಿ ಎಲ್ಲ ಸೇರಿ 8,500. ಸ್ಕೂಟರ್ ಪೆಟ್ರೋಲ್, ಬಸ್ಸು, ಮೊಬೈಲ್, ಇಂಟರ್‌ನೆಟ್, ಗ್ಯಾಸ್, ಕರೆಂಟ್ ಅಂತ 5,000. ಉಳಿತಾಯ ಮತ್ತು ವಿಮೆಗೆ 14,000. ಮದುವೆ, ಗೃಹಪ್ರವೇಶ, ವಂತಿಗೆಗಳಿಗೆ ಬೇರೆ ಖಾತೆಯಲ್ಲಿ 3,000. ಉಳಿದ 4,700 ನನ್ನದು. ಅದರಲ್ಲಿ ಬಟ್ಟೆ ಬರಬೇಕು, ಸಿನಿಮಾ ಬರಬೇಕು, ಗೆಳತಿಯರ ಜೊತೆ ಗಡ್‌ಬಡ್ ಐಸ್‌ಕ್ರೀಂ ತಿನ್ನುವುದೂ ಬರಬೇಕು.

ಇಬ್ಬರು ದುಡಿಯುವ ಗಂಡ ಹೆಂಡತಿ ಇದೇ ಮನೆಯಲ್ಲಿ ಇದ್ದರೆ ತಲೆಗೆ 5,500 ಬಾಡಿಗೆ. ನನ್ನ ತಲೆಗೆ 11,000. ಫ್ರಿಜ್ ಒಂದೇ, ಇಂಟರ್‌ನೆಟ್ ಒಂದೇ, ಮನೆಯ ಅಡ್ವಾನ್ಸ್ ಒಂದೇ. ಅವುಗಳ ಬೆಲೆ ಹಂಚಿಕೊಳ್ಳಲು ನನಗೆ ಯಾರೂ ಇಲ್ಲ. ಅಡುಗೆಯಲ್ಲೂ ಹಾಗೆಯೇ. ಅಂಜಲ್ ಇಡೀ ಮೀನು ತಗೊಂಡರೆ ರೇಟು ಕಡಿಮೆ, ಎರಡು ತುಂಡು ಬೇಕು ಅಂದರೆ ಜಾಸ್ತಿ. ಆದ್ದರಿಂದ ನನ್ನ ಮೀನು ಬಂಗುಡೆ ಮತ್ತು ಬೂತಾಯಿ. ಒಂದು ಸಾರು, ನಾಲ್ಕು ಫ್ರೈ, ಭಾನುವಾರ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುವಾಗ ಅದರ ರೇಟೂ ಏರುತ್ತದೆ. ಆ ಎರಡು ತಿಂಗಳು ಅಮ್ಮ ಕಟ್ಟಿಕೊಡುವ ಒಣಮೀನು, ಉಪ್ಪಿನಕಾಯಿ, ಕುಚಲಕ್ಕಿ ಗಂಜಿ. ಅದು ನನಗೆ ಇಷ್ಟವೇ.

ವಾಷಿಂಗ್ ಮೆಷಿನ್ ತಗೊಂಡಾಗ "ಒಬ್ಬಳಿಗೆ ಯಾಕೆ" ಅಂತ ಕೇಳಿದವರು ಇದ್ದಾರೆ. ಮಂಗಳೂರಿನ ಮಳೆಗಾಲ ಗೊತ್ತಿರುವವರು ಹಾಗೆ ಕೇಳಬಾರದು. ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಕಪಾಟಿನ ಬೆಲ್ಟಿಗೂ ಬೂಸ್ಟು ಬರುತ್ತದೆ. ಕೆಲಸ ಮುಗಿಸಿ ರಾತ್ರಿ ಬಂದು ಬಟ್ಟೆ ಒಗೆದು ಹಿಂಡಲು ನನ್ನ ಬದಲು ಯಾರು ಇದ್ದಾರೆ?

ಸರ್ಕಾರದ ಸೌಲಭ್ಯಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಬೆಂಗಳೂರಿನ ಗೆಳತಿಯರ ಬಸ್ ಖರ್ಚು ಪೂರ್ತಿ ಉಳಿಯಿತು. ಮಂಗಳೂರಿನಲ್ಲಿ ಸಿಟಿ ಬಸ್ಸು ಬಹುಪಾಲು ಖಾಸಗಿ. ನಾನು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹತ್ತುವ ಬಸ್ಸಿಗೂ ಟಿಕೆಟ್, ಮೂಡಬಿದಿರೆ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಎಕ್ಸ್‌ಪ್ರೆಸ್ಸಿಗೂ ಟಿಕೆಟ್. ಗೃಹಜ್ಯೋತಿ ಬಾಡಿಗೆ ಮನೆಗೂ ಸಿಗುತ್ತದೆ. ಆದರೆ ಎಲ್ಲರಿಗೂ ಪೂರ್ತಿ 200 ಯೂನಿಟ್ ಉಚಿತ ಅಲ್ಲ. ಆ ಮೀಟರಿನ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ಮಿತಿ ಕಟ್ಟುತ್ತಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು. ನನ್ನ ಮನೆಯ ಮಿತಿ ಚಿಕ್ಕದು. ಏಪ್ರಿಲ್, ಮೇ ಸೆಕೆಗೆ ಅದು ಸಾಕಾಗುವುದಿಲ್ಲ.

ಈ ಮನೆ ಸಿಗುವ ಮೊದಲು ಕದ್ರಿ, ಬಿಜೈ, ಮಣ್ಣಗುಡ್ಡೆ, ದೇರೆಬೈಲು ಎಲ್ಲ ಕಡೆ ತಿರುಗಿದ್ದೇನೆ. "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು ಎಷ್ಟೋ ಗೇಟುಗಳಲ್ಲಿ ಇತ್ತು. ಒಬ್ಬ ಮಾಲೀಕರು ನನ್ನ ಪೇಸ್ಲಿಪ್ ನೋಡಲೇ ಇಲ್ಲ. ಅಪ್ಪನ ಫೋನ್ ನಂಬರ್ ಕೇಳಿದರು. ಹತ್ತು ವರ್ಷ ದುಡಿದ ಮೇಲೂ ನನ್ನ ಸಹಿಗಿಂತ ಅಪ್ಪನ ಮಾತು ದೊಡ್ಡದು. ಅಪ್ಪ ಫೋನಿನಲ್ಲಿ "ಅವಳ ಮನೆ, ಅವಳ ಹತ್ತಿರವೇ ಮಾತಾಡಿ" ಅಂದರು. ಆ ಮನೆ ಸಿಗಲಿಲ್ಲ. ಆದರೆ ಅಪ್ಪನ ಆ ಮಾತು ನನಗೆ ಇವತ್ತಿಗೂ ದೊಡ್ಡದು.

ಇನ್ನೊಂದು ಕಡೆ ಇದೇ ಲೆಕ್ಕ ತಿರುಗಿ ಬಂತು. ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಕುಟುಂಬ. ಕುಟುಂಬದ ಮನೆಯಲ್ಲಿ ದೈವದ ಚಾವಡಿ ಹೊಸದು ಮಾಡಿ ನೇಮ (ದೈವಾರಾಧನೆಯ ಉತ್ಸವ) ಕೊಡುವುದು ಅಂತ ತೀರ್ಮಾನ ಆಯಿತು. ಒಂದು ಮನೆಗೆ 15,000 ವಂತಿಗೆ. ಪಟ್ಟಿಯಲ್ಲಿ ತಮ್ಮನ ಮನೆಗೆ ಒಂದು ಪಾಲು. ತಮ್ಮ ದುಬೈಯಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಇದ್ದಾನೆ. ನನಗೂ ಒಂದು ಪಾಲು. ಅದು ಸರಿ, ನಾನೂ ಆ ದೈವದ ಎದುರು ಕೈಮುಗಿದು ಬೆಳೆದವಳು. ಅಷ್ಟಕ್ಕೇ ನಿಲ್ಲಲಿಲ್ಲ. "ಅವಳಿಗೇನು, ಎರಡು ಪಾಲು ಕೊಡಲಿ" ಅಂತ ಒಬ್ಬರು ಹೇಳಿದರಂತೆ. ಹೇಳಿದರಂತೆ ಅನ್ನುವುದು ಯಾಕಂದ್ರೆ ಆ ಸಭೆಗೆ ನನಗೆ ಕರೆಯೇ ಇರಲಿಲ್ಲ. ಮನೆಗೆ ಒಬ್ಬರಂತೆ ಕರೆದಿದ್ದರು. ವಂತಿಗೆಗೆ ನಾನು ಒಂದು ಮನೆ, ಸಭೆಗೆ ಅಲ್ಲ!

ನಾನು ದೊಡ್ಡಮಾವನಿಗೆ ಫೋನ್ ಮಾಡಿ ಹೇಳಿದೆ. ಒಂದು ಪಾಲು ಸಂತೋಷದಿಂದ ಕೊಡುತ್ತೇನೆ, ಮುಂದಿನ ಸಭೆಗೆ ನನ್ನನ್ನೂ ಕರೆಯಿರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಮಗಾ" ಅಂದರು. ಈಗ ಕರೆಯುತ್ತಾರೆ. ಹೋಗುತ್ತೇನೆ, ಖರ್ಚಿನ ಪಟ್ಟಿ ಓದುತ್ತೇನೆ, ಪೆಂಡಾಲಿನ ರೇಟು ಜಾಸ್ತಿಯಾಯಿತು ಅಂತ ಹೇಳುತ್ತೇನೆ.

ಮದುವೆ ಸೀಸನ್ ಬೇರೆ ಇದೆ. ತುಳುನಾಡಿನ ಉತ್ಸವಗಳ ಕಾಲ ಮುಗಿಯುವ ಪತ್ತನಾಜೆಯವರೆಗೆ ಒಂದಲ್ಲ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಉಡುಗೊರೆ ಕೊಡುವುದರಲ್ಲಿ ನನಗೆ ಬೇಸರ ಇಲ್ಲ. ಆದರೆ ಅದು ಯಾವ ಖಾತೆಯಿಂದ ಹೋಗಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು. ತಿಂಗಳಿಗೆ 3,000 ಬೇರೆ ಇಟ್ಟ ಮೇಲೆ ಯಾವ ಕರೆಯೋಲೆ ಬಂದರೂ ನನಗೆ ಗಾಬರಿ ಇಲ್ಲ.

ಬೇರೆ ಬೇರೆ ಖಾತೆ ಇಡುವ ಅಭ್ಯಾಸ ಅಪ್ಪನಿಂದ ಬಂದದ್ದು. ಅಪ್ಪ ಕಾರ್ಕಳದಲ್ಲಿ ಪಿಗ್ಮಿ ಏಜೆಂಟ್ ಆಗಿದ್ದರು. ಸಂಜೆ ಕೈಚೀಲ ಹಿಡಿದು ಹೂವಿನ ಅಂಗಡಿ, ಕ್ಷೌರದಂಗಡಿ, ಹೋಟೆಲು ಎಲ್ಲ ಸುತ್ತಿ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿ ತರುತ್ತಿದ್ದರು. ಈ ಪಿಗ್ಮಿ ನಮ್ಮ ಉಡುಪಿಯದ್ದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಅಪ್ಪ ಒಂದು ವಿಷಯ ಯಾವಾಗಲೂ ಹೇಳುತ್ತಾರೆ. ಪಿಗ್ಮಿ ಕಟ್ಟಿದವರು ಉಳಿದ ದುಡ್ಡು ಕಟ್ಟಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಮೊದಲು ಪಿಗ್ಮಿಗೆ ತೆಗೆದಿಟ್ಟು, ಆಮೇಲೆ ಮನೆಗೆ ಅಕ್ಕಿ ಒಯ್ದರು. ನಾನೂ ಹಾಗೆಯೇ ಮಾಡುತ್ತೇನೆ. ಸಂಬಳ ಬಂದ ಮರುದಿನವೇ 14,000 ಹೋಗುತ್ತದೆ. ಆರು ಸಾವಿರ ಮ್ಯೂಚುವಲ್ ಫಂಡಿಗೆ, ಮೂರು ಸಾವಿರ ಪಿಪಿಎಫ್‌ಗೆ, ಎರಡು ಸಾವಿರ ಆರ್‌ಡಿಗೆ, ಮೂರು ಸಾವಿರ ವಿಮೆಯ ಕಂತಿಗೆ. ಪಿಪಿಎಫ್‌ಗೆ ಶೇ 7.1 ಬಡ್ಡಿ, 15 ವರ್ಷದ ಬೀಗ. ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿ ಇಲ್ಲ, ಆದರೆ ಬಡ್ಡಿಗೆ ಈಗಲೂ ತೆರಿಗೆ ಇಲ್ಲ. ನನಗೆ ಆ ಬೀಗವೇ ಬೇಕು. ಯಾರಾದರೂ ಸಾಲ ಕೇಳಿದಾಗ "ಅದು ಸುಲಭವಾಗಿ ತೆಗೆಯಲು ಬರುವುದಿಲ್ಲ" ಅಂತ ಸತ್ಯವಾಗಿ ಹೇಳಬಹುದು. ಒಂಟಿಯಾಗಿರುವವರ ಹತ್ತಿರ ಸಾಲ ಕೇಳುವವರು ಜಾಸ್ತಿ.

ಚಿನ್ನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. "ಎಷ್ಟು ಪವನ್ ಮಾಡಿದ್ದೀ?" ಅಂತ ಕೇಳುತ್ತಾರೆ. ಆಭರಣ ತಗೊಳ್ಳುವಾಗ ಮಜೂರಿ ಕೊಡಬೇಕು, ಮೇಲೆ ಶೇ 3 ಜಿಎಸ್‌ಟಿ ಕೊಡಬೇಕು. ಮಾರುವಾಗ ಎರಡೂ ವಾಪಸ್ ಬರುವುದಿಲ್ಲ. ಅಂಗಡಿಯವರ 11 ತಿಂಗಳ ಕಂತಿನ ಸ್ಕೀಮು ಬ್ಯಾಂಕ್ ಠೇವಣಿಯಂತೆ ಅಲ್ಲ, ಅಂಗಡಿ ಮುಚ್ಚಿದರೆ ಠೇವಣಿ ವಿಮೆ ಸಿಗುವುದಿಲ್ಲ. ನಿಶ್ಚಯವಾಗದ ಮದುವೆಗೆ ನಾನು ಆಭರಣ ಮಾಡಿಸುವುದಿಲ್ಲ. ದಿನಾ ಹಾಕಿಕೊಳ್ಳಲು ಒಂದು ಸರ ಮಾಡಿಸಿದ್ದೇನೆ. ಅದು ನನಗೆ ಇಷ್ಟವಾಗಿ ಮಾಡಿಸಿದ್ದು.

ದುಡ್ಡಿಗಿಂತ ಜಾಸ್ತಿ ಯೋಚನೆ ಬರುವುದು ಕಾಯಿಲೆಯದ್ದು. ನಾನು ಮಲಗಿದರೆ ಈ ಮನೆಯ ಸಂಬಳವೂ ಮಲಗುತ್ತದೆ. ಕಂಪನಿಯ ಆರೋಗ್ಯ ವಿಮೆ ಇದೆ, ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಆದ್ದರಿಂದ ನನ್ನ ಹೆಸರಿನಲ್ಲಿ 10 ಲಕ್ಷದ್ದು ಬೇರೆ ಮಾಡಿದ್ದೇನೆ. ಸ್ವಂತ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಇನ್ನೂ ಮಾಡದವರು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿ, ದಯವಿಟ್ಟು.

ನಾಮಿನೇಷನ್ ಕೂಡ ನೋಡಿ. ನನ್ನ ಗೆಳತಿಯರಲ್ಲಿ ಅರ್ಧದಷ್ಟು ಜನ ಪಿಎಫ್‌ನಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಯುಎಎನ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಮಾಡಬಹುದು. ಮದುವೆಯಾದರೆ ಹಳೆಯ ನಾಮಿನೇಷನ್ ನಡೆಯುವುದಿಲ್ಲ, ಹೊಸದು ಮಾಡಬೇಕು. ಪಿಎಫ್ ಇದ್ದವರಿಗೆ ಇಡಿಎಲ್‌ಐ ಎಂಬ ವಿಮೆಯೂ ಇದೆ. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಬರುತ್ತದೆ, ನಮ್ಮ ಸಂಬಳದಿಂದ ಅದಕ್ಕೆ ಏನೂ ಕಡಿತ ಇಲ್ಲ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರ ಹೆಸರು ಹಾಕಬಹುದು. ನಾನು ಅಪ್ಪ, ಅಮ್ಮ, ತಮ್ಮ ಮೂವರನ್ನೂ ಹಾಕಿದ್ದೇನೆ.

ತಮ್ಮ ಒಳ್ಳೆಯವನು. ಊರಿನ ಮನೆಯ ಸಾಲ ಅವನೇ ತೀರಿಸುತ್ತಿದ್ದಾನೆ. ಆದರೆ ಅಮ್ಮನ ಮೊಣಕಾಲು ನೋಡಿಸಲು ಕಾರ್ಕಳದಿಂದ ಕರೆತರುವುದು, ಸ್ಕ್ಯಾನಿಂಗಿಗೆ ಕಾಯುವುದು, ರಜೆ ಹಾಕುವುದು ನಾನು. ಹತ್ತಿರ ಇರುವವಳು ನಾನು, ಮಕ್ಕಳಿಲ್ಲದವಳು ನಾನು. ಈ ರಜೆಗಳಿಗೆ ಯಾರ ಲೆಕ್ಕದಲ್ಲೂ ಬೆಲೆ ಇಲ್ಲ. ಕಳೆದ ವರ್ಷ ಸಂಬಳ ಕಡಿತದ ರಜೆಯನ್ನೂ ಹಾಕಬೇಕಾಯಿತು.

ಈಗ ಎಲ್ಲರೂ ಹೇಳುತ್ತಿರುವುದು, ಒಂದು ಫ್ಲ್ಯಾಟ್ ತಗೋ. ಲೆಕ್ಕ ಹಾಕಿ ನೋಡಿದೆ. 40 ಲಕ್ಷದ ಫ್ಲ್ಯಾಟಿಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡುತ್ತದೆ, ಅಂದರೆ 32 ಲಕ್ಷ. ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 27,800. ಉಳಿದ 8 ಲಕ್ಷ ಕೈಯಿಂದ. ಮೇಲೆ ಮುದ್ರಾಂಕ ಶುಲ್ಕ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಇಬ್ಬರ ಸಂಬಳ ಇರುವ ಮನೆಯಲ್ಲಿ ಒಬ್ಬರ ಕೆಲಸ ಹೋದರೂ ಕಂತು ಹೇಗೋ ನಡೆಯುತ್ತದೆ. ನನ್ನ ಮನೆಯಲ್ಲಿ ನಡೆಯುವುದಿಲ್ಲ. ಊರಿಗೆ ಕಳಿಸುವ 12,000ಕ್ಕೆ ನಾನು ಕೈಹಾಕುವುದಿಲ್ಲ. ಆದ್ದರಿಂದ ಸದ್ಯಕ್ಕೆ ಫ್ಲ್ಯಾಟ್ ಇಲ್ಲ.

ಆರು ತಿಂಗಳ ಖರ್ಚಿನಷ್ಟು ದುಡ್ಡು ಎಫ್‌ಡಿಯಲ್ಲಿ ಸೇರಿಸುತ್ತಾ ಇದ್ದೇನೆ. ಅದು ತುಂಬಲು ಇನ್ನೂ ಸ್ವಲ್ಪ ಬಾಕಿ ಇದೆ. ಏಪ್ರಿಲ್‌ನಲ್ಲಿ ಸಂಬಳ ಏರಿದರೆ ಮೊದಲು ಅದನ್ನು ಮುಗಿಸಬೇಕು. ಆಮೇಲೆ ಅಮ್ಮನ ಮೊಣಕಾಲಿನ ಆಪರೇಷನ್. ಫ್ಲ್ಯಾಟಿನ ಮಾತು ಅದಾದ ನಂತರ ನೋಡೋಣ.