ಅವರೆ ಹಿತುಕಲು ಬಾ

ಒಂಬತ್ತನೆಯ ತರಗತಿಯ ನಡುವೆ ಕೋಲಾರದ ಈ ಶಾಲೆ ಬಿಟ್ಟವನು ನಾನು. 1971ರ ದಸರಾ ರಜೆಯಲ್ಲಿ ಅಪ್ಪನಿಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಆದ್ದರಿಂದ ಹಳೆಯ ವಿದ್ಯಾರ್ಥಿ ಎನಿಸಿಕೊಳ್ಳಲು ನನಗಿರುವುದು ಅರ್ಧ ಹಕ್ಕು. ಉಳಿದರ್ಧ ಒಬ್ಬ ಗೆಳೆಯನ ಕಾಗದದಿಂದ ಬಂದದ್ದು. ಅವನ ಹೆಸರು ಬರೆದರೆ ಈಗಲೂ ಜಗಳಕ್ಕೆ ಬರುತ್ತಾನೆ, ಬಿಡಿ.

ಕಾಗದ ಬಂದದ್ದು ನವೆಂಬರ್ ಕೊನೆಯಲ್ಲಿ. ಇನ್‌ಲ್ಯಾಂಡಿನ ಮೇಲೆ 5 ಪೈಸೆಯ ಕೆಂಪು ಅಂಚೆಚೀಟಿಯೊಂದು ಹೆಚ್ಚಿಗೆ ಅಂಟಿತ್ತು. ಕುಟುಂಬ ಯೋಜನೆಯ ಚೀಟಿ, ಅದರ ಮೇಲೆ ನಿರಾಶ್ರಿತರ ನೆರವಿನ ಕಪ್ಪು ಮುದ್ರೆ. ಪೂರ್ವ ಬಂಗಾಳದಿಂದ ಸುಮಾರು 1 ಕೋಟಿ ಜನ ಗಡಿ ದಾಟಿ ಬಂದಿದ್ದ ವರ್ಷ ಅದು. ನವೆಂಬರ್ 15ರಿಂದ ಕಾಗದಗಳಿಗೆ ಈ ಹೆಚ್ಚುವರಿ ಚೀಟಿ ಕಡ್ಡಾಯವಾಗಿತ್ತು.

"ಇತ್ತ ಕ್ಷೇಮ. ಡಿಸೆಂಬರ್ 11, ಶನಿವಾರ, ನಿರಾಶ್ರಿತರ ನಿಧಿಗಾಗಿ ಶಾಲೆಯಲ್ಲಿ ಜಾತ್ರೆ ನಡೆಸುತ್ತೇವೆ. ನಮ್ಮ ತರಗತಿಯದು ಹುರಿದ ಅವರೆಬೇಳೆಯ ಅಂಗಡಿ. ಹಿತುಕಲು ಕೈ ಸಾಲದು, ಲೆಕ್ಕ ಬರೆಯುವವರೂ ಇಲ್ಲ. ಶುಕ್ರವಾರವೇ ಬಾ. ನಮ್ಮ ಅಮ್ಮ ನಿನಗೆಂದು ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ." ಹದಿನೈದು ದಿನ ಮುಂಚೆಯೇ ಯಾರಾದರೂ ಹಾಸಿಗೆ ಬಿಸಿಲಿಗೆ ಹಾಕುತ್ತಾರೆಯೇ? ಅಷ್ಟು ಸುಳ್ಳು ಹೇಳಿಯಾದರೂ ಕರೆದಿದ್ದ. ಹೊಸ ಊರಿನಲ್ಲಿ ನನಗೆ ಯಾರೂ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ, ಅಷ್ಟೆ.

ಅಷ್ಟರಲ್ಲಿ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಯುದ್ಧದ ಹೊತ್ತಿನಲ್ಲಿ ಹುಡುಗನನ್ನು ಒಬ್ಬನೇ ಕಳಿಸುವುದೇ ಎಂದು ಅಪ್ಪ ತಲೆಯಾಡಿಸಿದರು. ನಾನು ಬರೆದು ತಿಳಿಸಿದೆ. ಮರುಟಪಾಲಿಗೆ ಕಾರ್ಡು ಬಂತು: "ಯುದ್ಧ ಢಾಕಾ ಕಡೆ, ಕೋಲಾರದಲ್ಲಿ ಅಲ್ಲ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು. ಬಾ." ಅಪ್ಪ ಅದನ್ನು ಎರಡು ಸಲ ಓದಿ ನಕ್ಕರು, ರೈಲಿನ ದುಡ್ಡು ಕೊಟ್ಟರು.

ಆಗ ನಮ್ಮ ಸೀಮೆಯಲ್ಲಿ ಓಡುತ್ತಿದ್ದದ್ದು ಎರಡೂವರೆ ಅಡಿ ಅಗಲದ ಹಳಿಯ ಚಿಕ್ಕ ರೈಲು. ಚಿಂತಾಮಣಿ, ಶ್ರೀನಿವಾಸಪುರ ದಾಟಿ ಕೋಲಾರಕ್ಕೆ ಬರುವಷ್ಟರಲ್ಲಿ ತಲೆಯೆಲ್ಲ ಕಲ್ಲಿದ್ದಲ ಪುಡಿ. ಅವನ ತಾಯಿ ಬಾಗಿಲಲ್ಲೇ "ರಾ ನಾಯನಾ" ಎಂದು ಕರೆದು, ಕೈಕಾಲು ತೊಳೆಸಿ, ನೇರ ಪಾತ್ರೆಯ ಮುಂದೆ ಕೂರಿಸಿದರು. ಊಟ ಆಮೇಲೆ.

ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಬೆರಳಲ್ಲೇ. ಜೋರಾಗಿ ಒತ್ತಿದರೆ ಬೇಳೆ ಎರಡು ಹೋಳಾಗಿ ಗೋಡೆಗೆ ಹಾರುತ್ತದೆ. ನನ್ನವು ಗೋಡೆಗೇ ಹೆಚ್ಚು ಹಾರಿದವು. ಎಂಟು ಜನ ಸುತ್ತ ಕೂತು ಹಿತುಕಿದೆವು. ಗೂಡಿನಲ್ಲಿದ್ದ ರೇಡಿಯೋ ವಾರ್ತೆ ಶುರುವಾದಾಗ ಮಾತ್ರ ಎಲ್ಲರ ಕೈ ನಿಲ್ಲುತ್ತಿತ್ತು. ವಾರ್ತೆ ಮುಗಿದೊಡನೆ ಅವನ ಅಜ್ಜಿ "ಸರಿ, ಹಿತುಕಿ" ಎನ್ನುತ್ತಿದ್ದರು. ಬೆರಳ ತುದಿ ಸುಕ್ಕುಗಟ್ಟಿತ್ತು, ಮೂಗಿಗೆ ತಂದರೆ ಅವರೆಯ ಸೊಗಡು. ಮಲಗಿದಾಗ ಹಾಸಿಗೆಗೆ ಬಿಸಿಲಿನ ವಾಸನೆಯೇ ಇರಲಿಲ್ಲ. ಅದನ್ನು ನಾನು ಕೇಳಲೂ ಇಲ್ಲ.

ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಕಟ್ಟಿದ್ದ ಬಟ್ಟೆಯಲ್ಲಿ "ನಿರಾಶ್ರಿತರ" ಎಂಬುದರ ಪಕ್ಕದಲ್ಲಿ "ಮತ್ತು ಜವಾನರ" ಎಂಬ ಹೊಸ ಕಾಗದ ಅಂಟಿಸಿದ್ದರು, ಗೋಂದು ಇನ್ನೂ ಹಸಿ. ಭಾಷಣಗಳಾದವು, ಅವು ನೆನಪಿಲ್ಲ. ನಮ್ಮ ಅಂಗಡಿಯಲ್ಲಿ ಪೊಟ್ಟಣಕ್ಕೆ 10 ಪೈಸೆ. ಸಂತೆಗೆ ಬಂದಿದ್ದ ರೈತರೊಬ್ಬರು ಒಂದು ರೂಪಾಯಿ ಇಟ್ಟು, ಒಂದೇ ಪೊಟ್ಟಣ ತೆಗೆದುಕೊಂಡು, ಚಿಲ್ಲರೆ ಎಣಿಸುತ್ತಿದ್ದ ನನ್ನ ಕಡೆ ನೋಡದೆಯೇ ಹೊರಟುಹೋದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಗೆ ಆಗಲೇ ಗೆರೆ ಎಳೆದಿತ್ತು. ಆದರೂ ಮೇಷ್ಟ್ರು ಸಂಜೆಯ ಲೆಕ್ಕದ ಹಾಳೆಗೆ ನನ್ನಿಂದಲೇ ಸಹಿ ಹಾಕಿಸಿದರು.

16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಆ ಸುದ್ದಿಯನ್ನು ಶಿಡ್ಲಘಟ್ಟದಲ್ಲಿ ಕೇಳಿದೆ. ನಾಲ್ಕು ದಿನ ಕಳೆದ ಮೇಲೆ ಅವನ ಕಾರ್ಡು: "ಯುದ್ಧ ಮುಗಿಯಿತು. ಆದರೆ ನಿನ್ನ ಲೆಕ್ಕದಲ್ಲಿ 30 ಪೈಸೆ ಕೂಡುವುದರಲ್ಲಿ ತಪ್ಪಿದೆ. ಸಂಕ್ರಾಂತಿಗೆ ಬಂದು ಸರಿಮಾಡು."