ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದು

ನಮ್ಮ ಆಫೀಸಿನಲ್ಲಿ ಯಾರಾದರೂ 'ರೈಟ್ ಕ್ಲಿಕ್' ಅಂದರೆ ಸಾಕು, ಪಕ್ಕದ ಸೀಟಿನವರೆಲ್ಲ ನನ್ನ ಕಡೆ ತಿರುಗಿ ನಗುತ್ತಾರೆ. 2024ರ ವರಮಹಾಲಕ್ಷ್ಮಿ ಹಬ್ಬದಿಂದ ಇದು ನಡೆದುಕೊಂಡು ಬಂದಿದೆ.

ಕ್ಲೈಂಟ್ ಚಿಕ್ಕಪೇಟೆಯ ಒಂದು ಸೀರೆ ಅಂಗಡಿ. ಇಳಕಲ್, ಮೊಳಕಾಲ್ಮೂರು ಸೀರೆಗಳೇ ಜಾಸ್ತಿ. ವೆಬ್‌ಸೈಟಿಗೆ ವರ್ಡ್‌ಪ್ರೆಸ್, ಮಾರಾಟಕ್ಕೆ ವೂಕಾಮರ್ಸ್, ಮುಂದೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್. ಸೈಟ್ ಕಟ್ಟಿದ್ದು ನಾನೇ. ಯಜಮಾನರು ದುಡ್ಡು ಕೊಟ್ಟು ಫೋಟೋಗ್ರಾಫರ್ ಕರೆಸಿ, ಸುಮಾರು ನಾನೂರು ಸೀರೆಗಳ ಫೋಟೋ ತೆಗೆಸಿದ್ದರು. ಜುಲೈ ಕೊನೆಯಲ್ಲಿ ಅವರಿಂದ ಒಂದು ಮೆಸೇಜ್ ಬಂತು. ಬೇರೆ ಊರಿನ ಅಂಗಡಿಯೊಂದರ ಮುಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ಇವರದೇ ಸೀರೆ, ಇವರದೇ ಫೋಟೋ. ಹಿಂದೆ ಇವರ ಅಂಗಡಿಯ ಮರದ ಕಂಬ ಸಮೇತ ಹಾಗೇ ಇತ್ತು!

ಮ್ಯಾನೇಜರ್ ಟಿಕೆಟ್ ಹಾಕಿದರು. 'ಇಮೇಜ್ ಡೌನ್‌ಲೋಡ್ ಬಂದ್ ಮಾಡಿ. ಇವತ್ತೇ.'

ಬ್ರೌಸರಿನಲ್ಲಿ ಚಿತ್ರ ಕಾಣಿಸಿತು ಅಂದರೆ ಅದು ಆಗಲೇ ನೋಡುವವರ ಮೆಷಿನ್‌ಗೆ ಇಳಿದಿದೆ ಅಂತಲೇ ಅರ್ಥ. ನೋಡಬಹುದು, ಆದರೆ ಇಳಿಸಿಕೊಳ್ಳಬಾರದು ಅನ್ನೋದು ಆಗದ ಮಾತು. ಇದನ್ನು ಹೇಳಲು ಹೋದೆ. 'ಕ್ಲೈಂಟ್‌ಗೆ ಫಿಲಾಸಫಿ ಬೇಡಪ್ಪ, ಏನಾದರೂ ಕಾಣಿಸೋ ಹಾಗೆ ಮಾಡು' ಅಂದರು.

ಸರಿ, ಕಾಣಿಸೋ ಹಾಗೆ ಮಾಡಿದೆ. ರೈಟ್ ಕ್ಲಿಕ್ ಮಾಡಿದರೆ ಮೆನು ಬರಲ್ಲ. ಮೊಬೈಲಿನಲ್ಲಿ ಫೋಟೋ ಒತ್ತಿ ಹಿಡಿದರೂ ಏನೂ ಬರಲ್ಲ. ಟೆಕ್ಸ್ಟ್ ಸೆಲೆಕ್ಟ್ ಆಗಲ್ಲ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆಗೆದರೆ ಎಲ್ಲ ಫೋಟೋಗಳೂ ಸಾಲಾಗಿ ನಿಂತಿರುತ್ತವೆ, ಆ ಮಾತು ಬೇರೆ. ಕೊನೆಗೆ ಹಾಟ್‌ಲಿಂಕ್ ಬ್ಲಾಕ್. ಬೇರೆ ಸೈಟಿನವರು ನಮ್ಮ ಫೋಟೋ ಲಿಂಕ್ ಹಾಕಿಕೊಂಡರೆ ನಮ್ಮ ಸರ್ವರ್ 403, ಅಂದರೆ 'ಪ್ರವೇಶ ಇಲ್ಲ' ಅನ್ನೋ ಉತ್ತರ, ಕೊಡಬೇಕು. ಎಂಜಿನ್‌ಎಕ್ಸ್‌ನಲ್ಲಿ ನಾಲ್ಕು ಸಾಲಿನ ಕೆಲಸ.

ಡೆಮೊ ಕೊಡುವ ಮುಂಚೆ ಸುಮ್ನೆ ಒಂದು ಫೋಟೋದ ಯುಆರ್‌ಎಲ್ ಅನ್ನು ಅಡ್ರೆಸ್ ಬಾರಿಗೆ ಹಾಕಿ ನೋಡಿದೆ. ತೆರೆದುಕೊಂಡಿತು! ಮ್ಯಾನೇಜರ್ ಮೊದಲು ಮಾಡುವ ಟೆಸ್ಟೇ ಇದು ಅಂತ ಗೊತ್ತಿತ್ತು. ಯಾವ ಪೇಜಿನಿಂದ ಫೋಟೋ ಕೇಳುತ್ತಿದ್ದಾರೆ ಅನ್ನೋ ವಿಳಾಸಕ್ಕೆ ರೆಫರರ್ ಅಂತಾರೆ, ನನ್ನ ಬ್ಲಾಕ್ ನೋಡುವುದು ಅದನ್ನೇ. ಹಾಗೆ ನೇರವಾಗಿ ತೆರೆದಾಗ ಬ್ರೌಸರ್ ರೆಫರರ್ ಕಳಿಸುವುದಿಲ್ಲ. ಕಾನ್ಫಿಗ್‌ನಲ್ಲಿ 'ವ್ಯಾಲಿಡ್ ರೆಫರರ್ಸ್' ಸಾಲಿನಲ್ಲಿ 'ನನ್' (none) ಅಂತ ಒಂದು ಪದ ಇರುತ್ತದೆ. ರೆಫರರ್ ಇಲ್ಲದವರನ್ನೂ ಒಳಗೆ ಬಿಡು ಅಂತ ಅದರ ಅರ್ಥ. ಆ ಪದ ತೆಗೆದುಹಾಕಿದೆ. ಅಡ್ರೆಸ್ ಬಾರಿನಲ್ಲೂ 403 ಬಂತು. ಮ್ಯಾನೇಜರ್ 'ಸೂಪರ್' ಅಂದರು. ನಾನೂ ಹಿಗ್ಗಿದೆ.

ಹಬ್ಬ ಆಗಸ್ಟ್ 16, ಶುಕ್ರವಾರ. ಅದೇ ವಾರದ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿರುವಾಗಲೇ ಯಜಮಾನರ ಫೋನ್. ಮ್ಯಾನೇಜರ್ ಸ್ಪೀಕರ್ ಆನ್ ಮಾಡಿ ನನ್ನ ಮುಂದೆ ಇಟ್ಟರು.

'ಏನ್ರೀ ಇದು, ಒಂದು ಫೋಟೋನೂ ಬರ್ತಿಲ್ಲ! ಹಬ್ಬದ ವಾರ ಕಣ್ರೀ!'

ಸೈಟ್ ತೆಗೆದೆ. ಎಲ್ಲ ಫೋಟೋ ಬರುತ್ತಿತ್ತು. 'ನನ್ನ ಹತ್ರ ಬರ್ತಿದೆ ಸಾರ್' ಅಂದೆ. ಈ ಕೆಲಸದಲ್ಲಿ ಹೇಳಬಾರದ ಮಾತು ಒಂದಿದ್ದರೆ ಇದೇ. ಆ ಕಡೆಯಿಂದ ಬಂದದ್ದನ್ನು ಇಲ್ಲಿ ಬರೆಯಲಾಗದು. ಕ್ಯಾಶ್ ಕ್ಲಿಯರ್ ಮಾಡಿ ಅಂದೆ. ಬೇರೆ ಮೊಬೈಲಿನಲ್ಲಿ ನೋಡಿ ಅಂದೆ. ಕೈ ಬೆವರುತ್ತಿತ್ತು. ಅವರ 'ಬರ್ತಿಲ್ಲ' ಅಂದರೆ ಎಲ್ಲಿ ಬರ್ತಿಲ್ಲ ಅಂತ ಕೇಳಬೇಕು ಅನ್ನೋದು ಹೊಳೆಯಲು ಹತ್ತು ನಿಮಿಷ ಬೇಕಾಯಿತು.

ವಾಟ್ಸಾಪ್‌ನಲ್ಲಿ! ಅಂಗಡಿಯವರು ಬೆಳಿಗ್ಗೆ ಎದ್ದು ಹೊಸ ಸೀರೆಗಳ ಲಿಂಕ್‌ಗಳನ್ನು ಗಿರಾಕಿಗಳ ಗ್ರೂಪ್‌ಗಳಿಗೆಲ್ಲ ಕಳಿಸಿದ್ದರು. ಲಿಂಕ್ ಜೊತೆ ಬರಬೇಕಾದ ಫೋಟೋ ಇಲ್ಲ. ಬರೀ ಅಕ್ಷರ.

ಯಾರು ಏನು ಕೇಳಿದರು ಅಂತ ಸರ್ವರ್ ಬರೆದಿಡುವ ಆಕ್ಸೆಸ್ ಲಾಗ್‌ನ ಕೊನೆಯ ಸಾಲುಗಳನ್ನು ತೆಗೆದೆ. 403, 403, 403. ರೆಫರರ್ ಇರಬೇಕಾದ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ಯೂಸರ್ ಏಜೆಂಟ್, ಅಂದರೆ ಕೇಳಿದವರ ಹೆಸರು, ವಾಟ್ಸಾಪ್. ಕೆಳಗೆ ಫೇಸ್‌ಬುಕ್‌ನ ಬಾಟ್. ಅದರ ಕೆಳಗೆ ಗೂಗಲ್ ಇಮೇಜ್ ಬಾಟ್. ಇವು ಯಾವುವೂ ರೆಫರರ್ ಕಳಿಸುವುದಿಲ್ಲ. ಕಳ್ಳ ಅಂದುಕೊಂಡು ನೆಂಟರನ್ನೆಲ್ಲ ಗೇಟಿನಿಂದ ಆಚೆ ನಿಲ್ಲಿಸಿದ್ದೆ.

'ನನ್' ವಾಪಸ್ ಹಾಕಿದೆ, ಟೆಸ್ಟ್, ರೀಲೋಡ್. ಒಂದು ನಿಮಿಷವೂ ಆಗಲಿಲ್ಲ. ಆದರೆ ಕಳಿಸಿಯಾದ ಮೆಸೇಜ್‌ಗಳು ಬೋಳಾಗಿಯೇ ಉಳಿದವು. ಎಲ್ಲ ಗ್ರೂಪ್‌ಗೂ ಇನ್ನೊಮ್ಮೆ ಕಳಿಸಿದ್ದು ಅಂಗಡಿಯಲ್ಲಿ ಆರ್ಡರ್ ನೋಡಿಕೊಳ್ಳುವ ಅಕ್ಕ. ಕ್ಷಮೆ ಕೇಳಲು ಫೋನ್ ಮಾಡಿದಾಗ ಅವರು ಹೇಳಿದ್ದು ನನಗೆ ಜಾಸ್ತಿ ಚುಚ್ಚಿತು.

'ಅದು ಹೋಗ್ಲಿ ಬಿಡಿ. ಮೊದಲು ಗಿರಾಕಿಗಳು ಫೋಟೋ ಸೇವ್ ಮಾಡ್ಕೊಂಡು ಅಕ್ಕ ತಂಗಿಗೆ ಕಳಿಸಿ, ಅವರು ಒಪ್ಪಿದ್ರೆ ನಮಗೇ ವಾಪಸ್ ಕಳಿಸ್ತಿದ್ರು, ಇದು ಇದೆಯಾ ಅಂತ. ಎರಡು ವಾರದಿಂದ ಅದು ನಿಂತೇ ಹೋಗಿದೆ. ಸೀರೆ ನಂಬರ್ ಕಾಪಿ ಮಾಡೋಕೂ ಆಗ್ತಿಲ್ಲವಂತೆ.'

ಎರಡು ವಾರ! ಸೀರೆ ಅನ್ನೋದು ಒಬ್ಬರೇ ನೋಡಿ ಕೊಳ್ಳುವ ವಸ್ತು ಅಲ್ಲ ಅಂತ ನಮ್ಮಮ್ಮನನ್ನು ನೋಡಿಯಾದರೂ ನನಗೆ ಗೊತ್ತಿರಬೇಕಿತ್ತು, ಅಲ್ವಾ? ರೈಟ್ ಕ್ಲಿಕ್, ಒತ್ತಿ ಹಿಡಿಯೋದು, ಸೆಲೆಕ್ಟ್, ಮೂರನ್ನೂ ಅಂದೇ ಬಿಚ್ಚಿದೆ. ಮ್ಯಾನೇಜರ್‌ಗೆ ಹೇಳಲಿಲ್ಲ.

ಅಂದು ರಾತ್ರಿ ಆ ಫ್ಲೆಕ್ಸ್ ಫೋಟೋವನ್ನು ಮತ್ತೆ ನೋಡಿದೆ. ಜೂಮ್ ಮಾಡಿದರೆ ಸೆರಗಿನ ಎಳೆ ಎಳೆಯೂ ಕಾಣುತ್ತಿತ್ತು. ಇದನ್ನು ಮೊದಲ ದಿನವೇ ನೋಡಬೇಕಿತ್ತು. ನಮ್ಮ ಪೇಜಿನಲ್ಲಿ ಕಾಣುವುದು 1024 ಪಿಕ್ಸೆಲ್ ಚಿತ್ರ. ಅದನ್ನು ಅಷ್ಟು ದೊಡ್ಡ ಫ್ಲೆಕ್ಸ್ ಮಾಡಿದರೆ ಹತ್ತಿರದಿಂದ ನೋಡುವಾಗ ಹೀಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಅವರಿಗೆ ಸಿಕ್ಕಿದ್ದು ಯಾವುದು?

2019ರಲ್ಲಿ ಬಂದ ವರ್ಡ್‌ಪ್ರೆಸ್ 5.3ರಿಂದ, 2560 ಪಿಕ್ಸೆಲ್‌ಗಿಂತ ದೊಡ್ಡ ಫೋಟೋ ಹಾಕಿದರೆ ಅದು ತಾನೇ ಒಂದು ಚಿಕ್ಕ ಪ್ರತಿ ಮಾಡಿಕೊಳ್ಳುತ್ತದೆ. ಆ ಪ್ರತಿಯ ಹೆಸರಿನ ಕೊನೆಗೆ ಹೈಫನ್ ಹಾಕಿ 'ಸ್ಕೇಲ್ಡ್' ಅಂತ ಸೇರಿಸುತ್ತದೆ. ಒರಿಜಿನಲ್ ಅಳಿಸುವುದಿಲ್ಲ, ಅದೇ ಫೋಲ್ಡರಿನಲ್ಲಿ ಇರುತ್ತದೆ. ಆ ಪ್ರತಿಯ ಯುಆರ್‌ಎಲ್‌ನಿಂದ ಹೈಫನ್ ಸಮೇತ ಆ ಪದ ಅಳಿಸಿ ಎಂಟರ್ ಒತ್ತಿದೆ. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್ ಫೋಟೋ ನಿಧಾನವಾಗಿ ಪರದೆ ತುಂಬ ಇಳಿಯಿತು. ಫೋಟೋಗ್ರಾಫರ್ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದನ್ನು ಹಾಗೆಹಾಗೇ ಅಪ್‌ಲೋಡ್ ಮಾಡಿದ್ದವನು ನಾನೇ. ಎರಡು ವಾರ ನನ್ನ 403 ಇದಕ್ಕೂ ಅಡ್ಡ ನಿಂತಿತ್ತು, ನಿಜ. ಆದರೆ ಕರ್ಲ್ ಅನ್ನೋ ಕಮಾಂಡಿನಲ್ಲಿ ಸುಳ್ಳು ರೆಫರರ್ ಕೊಡಲು ಒಂದೇ ಸಾಲು ಸಾಕು. 1996ರ ಎಚ್‌ಟಿಟಿಪಿ ದಾಖಲೆಯಿಂದಲೂ ಆ ರೆಫರರ್ ಹೆಡರ್‌ನ ಇಂಗ್ಲಿಷ್ ಸ್ಪೆಲಿಂಗೇ ತಪ್ಪು, ಒಂದು 'ಆರ್' ಕಡಿಮೆ. ಅಂಥದ್ದನ್ನು ನಂಬಿ ಕಾವಲು ಕೂರಿಸಿದ್ದೆ.

ಎರಡು ರಾತ್ರಿ ಕೂತು ಒರಿಜಿನಲ್‌ಗಳನ್ನೆಲ್ಲ ಸರ್ವರಿನಿಂದ ತೆಗೆದು ಹಾರ್ಡ್ ಡಿಸ್ಕಿಗೆ ಹಾಕಿದೆ. 1200 ಪಿಕ್ಸೆಲ್‌ಗೆ ಇಳಿಸಿ ಮತ್ತೆ ಅಪ್‌ಲೋಡ್ ಮಾಡಿದೆ. ಇಷ್ಟು ಸಾಕು. ಅಕ್ಕ ತಂಗಿಗೆ ತೋರಿಸಬಹುದು, ಫ್ಲೆಕ್ಸ್ ಹೊಡೆಸಿದರೆ ಮಸುಕಾಗುತ್ತದೆ. ವಾಟರ್‌ಮಾರ್ಕ್ ವಿಷಯಕ್ಕೆ ಜಗಳವೇ ಆಯಿತು. ಮ್ಯಾನೇಜರ್‌ಗೆ ನಡುಮಧ್ಯೆ ದೊಡ್ಡ ಲೋಗೋ ಬೇಕು. ಯಜಮಾನರು 'ಜರಿನೇ ಕಾಣಲ್ವಲ್ರೀ' ಅಂದರು. ಎಲ್ಲ ಫೋಟೋಗೂ ಒಂದೇ ಗುರುತು ಒಂದೇ ಥರ ಹಾಕಿದರೆ ಕಂಪ್ಯೂಟರೇ ಅದನ್ನು ಅಳಿಸಬಲ್ಲದು ಅಂತ ಗೂಗಲ್‌ನ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ಹೇಳಿದೆ, ಯಾರೂ ಕೇಳಲಿಲ್ಲ. ಈಗ ಮೂಲೆಯಲ್ಲಿ ಚಿಕ್ಕದಾಗಿ ಅಂಗಡಿ ಹೆಸರಿದೆ.

ಫ್ಲೆಕ್ಸ್ ಏನಾಯಿತು ಅಂತ ಕೇಳಬಹುದು. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ತೆಗೆಸಿದವರದ್ದೇ. ಲಾಯರ್ ನೋಟಿಸ್ ತಯಾರಾಗುತ್ತಿತ್ತು. ಅಷ್ಟರಲ್ಲಿ ಎರಡೂ ಅಂಗಡಿಯವರು ಒಬ್ಬರೇ ನೇಕಾರರ ಹತ್ತಿರ ಸೀರೆ ತರಿಸುತ್ತಾರೆ ಅಂತ ಗೊತ್ತಾಯಿತು. ಆ ನೇಕಾರರು ಒಂದು ಫೋನ್ ಮಾಡಿದರು. ಸಂಜೆಗೆ ಫ್ಲೆಕ್ಸ್ ಇಳಿಯಿತು.

ಹೋದ ವಾರ ಮ್ಯಾನೇಜರ್ ಹೊಸ ಕ್ಲೈಂಟ್‌ಗೆ ಕೊಟೇಶನ್ ಮಾಡುತ್ತಿದ್ದರು. 'ಇಮೇಜ್ ಪ್ರೊಟೆಕ್ಷನ್' ಅಂತ ಒಂದು ಸಾಲು, ಅದಕ್ಕೆ ಬೇರೆ ರೇಟು. 'ಆ ಸೀರೆ ಸೈಟಿನಲ್ಲಿ ಮಾಡಿದ್ದೆಯಲ್ಲ, ರೈಟ್ ಕ್ಲಿಕ್ ಬಂದ್, ಅದನ್ನೇ ಇಲ್ಲೂ ಹಾಕಿದರಾಯ್ತು' ಅಂದರು. ಅಲ್ಲಿ ಅದು ಈಗ ಇಲ್ಲ ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಪಕ್ಕದ ಸೀಟಿನವರು ಆಗಲೇ ನನ್ನ ಕಡೆ ತಿರುಗಿದ್ದರು.