ಕರಿ ಆಯಿಲ್ ಡ್ರಮ್ಮಿಗೆ ನೀರು ಬೀಳಬಾರದು

ತುಮಕೂರಿನಲ್ಲಿ ನನ್ನದು ಬೈಕ್ ಗ್ಯಾರೇಜು. ಒಂದು ಗಾಡಿಯ ಡ್ರೈನ್ ನಟ್ ಬಿಚ್ಚಿದರೆ ಸುಮಾರು ಒಂದು ಲೀಟರ್ ಕರಿ ಆಯಿಲ್, ಅಂದರೆ ಓಡಿ ಹಳತಾದ ಎಂಜಿನ್ ಆಯಿಲ್, ಇಳಿಯುತ್ತದೆ. 200 ಲೀಟರಿನ ಡ್ರಮ್ಮು ತುಂಬೋಕೆ ತಿಂಗಳು ಸಾಕು.

ಮೊದಲೆಲ್ಲ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದೆ. ಸೆಂಟ್ರಿಂಗ್‌ನವರು ಶೀಟಿಗೆ ಬಳಿಯೋಕೆ ಒಯ್ಯುತ್ತಿದ್ದರು. ರೈತರು ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಒಯ್ಯುತ್ತಿದ್ದರು. ಮಳೆ ಬಂದರೆ ಅದು ಆ ಕಂಬದ ಬುಡದಿಂದ ಎಲ್ಲಿಗೆ ಇಳಿಯುತ್ತೆ ಅಂತ ನಾನು ಯೋಚಿಸಿರಲೇ ಇಲ್ಲ. ಎಂಜಿನ್ ಸವೆದ ಕಬ್ಬಿಣ, ತಾಮ್ರ, ಆಯಿಲ್‌ಗೆ ಮೊದಲೇ ಬೆರೆಸಿದ್ದ ಸತು, ಮಸಿ ಎಲ್ಲ ಅದರಲ್ಲೇ ಇರುತ್ತೆ.

ಈಗ ಪರವಾನಗಿ ಇರುವ ಶುದ್ಧೀಕರಣ ಘಟಕದವರಿಗೆ ಕೊಡುತ್ತೇನೆ. ಒಂದು ಸಲ ಅವರ ಡ್ರೈವರ್ ನನ್ನ ಡ್ರಮ್ಮು ಬೇಡ ಅಂದ. ನನ್ನೆದುರೇ ಚಮಚಕ್ಕೆ ನಾಲ್ಕು ಹನಿ ಹಾಕಿ ಸ್ಟೌ ಮೇಲೆ ಹಿಡಿದ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸಿಡಿಯಿತು. "ನೀರು ಸೇರಿದೆ ಅಣ್ಣ" ಅಂದ. ನಮ್ಮ ಹುಡುಗ ರೇಡಿಯೇಟರಿನ ಕೂಲಂಟನ್ನೂ (ಎಂಜಿನ್ ತಂಪು ಮಾಡುವ, ನೀರು ಬೆರೆತ ದ್ರವ) ಅದಕ್ಕೇ ಸುರಿದಿದ್ದ.

ಆಮೇಲೆ ಘಟಕಕ್ಕೇ ಹೋಗಿ ನೋಡಿದೆ. ಮೊದಲು ಕಾಯಿಸಿ ನೀರು, ಬೆರೆತ ಪೆಟ್ರೋಲ್ ಹಾರಿಸುತ್ತಾರೆ. ನಂತರ ವ್ಯಾಕ್ಯೂಮ್‌ನಲ್ಲಿ ಬಟ್ಟಿ ಇಳಿಸುತ್ತಾರೆ. ಒತ್ತಡ ಕಮ್ಮಿ ಇದ್ದರೆ ಕಡಿಮೆ ಶಾಖಕ್ಕೇ ಆವಿಯಾಗುತ್ತೆ, ಆಯಿಲ್ ಸುಟ್ಟು ಒಡೆಯುವುದಿಲ್ಲ. ಕೊನೆಗೆ ಬಾಟಲಿಯಲ್ಲಿ ತೋರಿಸಿದ್ದು ಜೇನಿನ ಬಣ್ಣದ ಬೇಸ್ ಆಯಿಲ್, ಅಂದರೆ ರಾಸಾಯನಿಕ ಬೆರೆಸುವ ಮೊದಲಿನ ಮೂಲ ಎಣ್ಣೆ. ನನ್ನ ಡ್ರಮ್ಮಿನದೇ ಇದು ಅಂದರೆ ನಂಬೋಕೆ ಆಗಲಿಲ್ಲ. ಹಳತಾದ ಆಯಿಲ್‌ನಲ್ಲಿ ಕೆಡುವುದು ಹೆಚ್ಚಾಗಿ ಕಂಪನಿಯವರು ಬೆರೆಸಿದ್ದ ರಾಸಾಯನಿಕಗಳು. ಎಣ್ಣೆ ಬಹುಪಾಲು ಹಾಗೇ ಇರುತ್ತೆ, ಅಲ್ವಾ? ತಳದಲ್ಲಿ ಉಳಿದ ಕರಿ ಗಸಿ ಡಾಂಬರಿಗೆ ಸೇರುತ್ತೆ.

ನನಗೆ ಜಾಸ್ತಿ ಖುಷಿಯಾಗಿದ್ದು ಗ್ರೀಸ್ ವಿಷಯ ಕೇಳಿ. ಬೇಸ್ ಆಯಿಲ್‌ಗೆ ಒಂದು ಥರದ ಸೋಪು ಸೇರಿಸಿದರೆ ಅದು ಗಟ್ಟಿಯಾಗಿ ಗ್ರೀಸ್ ಆಗುತ್ತೆ. ಲಿಥಿಯಂ ಗ್ರೀಸಿನ ಸೋಪಿಗೆ ಬೇಕಾದ ಆಮ್ಲ ಬರುವುದು ಹರಳೆಣ್ಣೆಯಿಂದ. ನಮ್ಮಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ! ದಿನಾ ವೀಲ್ ಬೇರಿಂಗಿಗೆ ಆ ಗ್ರೀಸನ್ನು ಬೆರಳಲ್ಲಿ ತುಂಬುತ್ತಿದ್ದೆ, ಗೊತ್ತೇ ಇರಲಿಲ್ಲ.

2024ರ ಏಪ್ರಿಲ್‌ನಿಂದ ಆಯಿಲ್ ಮಾರುವ ಕಂಪನಿಗಳಿಗೂ ಹಳೆ ಆಯಿಲ್ ಮರುಬಳಕೆಯ ಹೊಣೆ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಡ್ರಮ್ಮು ಇರುವುದು ನಮ್ಮ ಹತ್ತಿರ. ಅದಕ್ಕೇ ಕೂಲಂಟ್, ಬ್ರೇಕ್ ಆಯಿಲ್, ಪಾರ್ಟ್ಸ್ ತೊಳೆದ ಸೀಮೆಎಣ್ಣೆಗೆ ಬೇರೆ ಬೇರೆ ಕ್ಯಾನ್ ಇಟ್ಟಿದ್ದೇನೆ. ಹೊಸ ಹುಡುಗರು ಕೆಲಸಕ್ಕೆ ಸೇರಿದರೆ ಸ್ಪ್ಯಾನರ್ ಕೊಡುವ ಮೊದಲು ಚಮಚ ಕಾಯಿಸಿ ತೋರಿಸುತ್ತೇನೆ.